ಸ್ಕಿಜೋಫ್ರೇನಿಯಾ ರೋಗಿಗಳ ಶುಗರ್, ಬಿಪಿ ನೋಡುವವರು ಯಾರು? ಆಸ್ಪತ್ರೆಗಳಲ್ಲಿ ಖಾಲಿ ಉಳಿಯುವ ಒಂದು ಅಂಕಣ

ಸ್ಕಿಜೋಫ್ರೇನಿಯಾ ಎಂದಾಕ್ಷಣ ಜನರ ಕಣ್ಣಮುಂದೆ ಬರುವುದು ಯಾರೂ ಇಲ್ಲದೆಡೆ ದನಿ ಕೇಳಿಸಿಕೊಳ್ಳುವ, ಮನೆಯವರನ್ನೇ ಅನುಮಾನಿಸುವ, ಒಬ್ಬರೇ ಮಾತನಾಡಿಕೊಳ್ಳುವ ರೋಗಿ. ಆದರೆ ಈ ಕಾಯಿಲೆ ಇರುವವರ ಆಯುಷ್ಯವನ್ನು ಹೆಚ್ಚಾಗಿ ಕಡಿಮೆ ಮಾಡುತ್ತಿರುವುದು ಹೃದಯಾಘಾತ, ಪಾರ್ಶ್ವವಾಯು, ಸಕ್ಕರೆ ಕಾಯಿಲೆಯಂತಹ ದೇಹದ ತೊಂದರೆಗಳು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 2.4 ಕೋಟಿ ಜನರಿಗೆ, ಅಂದರೆ ಹೆಚ್ಚುಕಡಿಮೆ 300 ಮಂದಿಯಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದೆ. ಇವರು ಅಕಾಲದಲ್ಲಿ ಸಾಯುವ ಸಾಧ್ಯತೆ ಉಳಿದವರಿಗಿಂತ 2ರಿಂದ 3 ಪಟ್ಟು ಹೆಚ್ಚು. ಆತ್ಮಹತ್ಯೆಯೂ ಒಂದು ಕಾರಣ ಹೌದು. ಆದರೆ ಹೆಚ್ಚಿನ ಸಾವುಗಳ ಹಿಂದೆ ಇರುವುದು ಮೊದಲೇ ಪತ್ತೆ ಹಚ್ಚಿ ತಡೆಯಬಹುದಾದ ದೈಹಿಕ ಕಾಯಿಲೆಗಳು. ಹಾಗಿದ್ದರೆ ಆಸ್ಪತ್ರೆಗೆ ತಿಂಗಳು ತಿಂಗಳು ಬರುವ ರೋಗಿಯಲ್ಲೇ ಇವು ಕಣ್ಣಿಗೆ ಬೀಳುತ್ತಿಲ್ಲವೇಕೆ?

ಐದರಲ್ಲಿ ಮೂರು ಇದ್ದರೆ ಅಪಾಯ

ವೈದ್ಯರು 'ಮೆಟಬಾಲಿಕ್ ಸಿಂಡ್ರೋಮ್' ಎಂದು ಕರೆಯುವ ಸ್ಥಿತಿಗೆ ಐದು ಗುರುತುಗಳಿವೆ. ಒಂದು, ಹೊಟ್ಟೆಯ ಸುತ್ತ ಬೊಜ್ಜು: ಭಾರತೀಯರಿಗೆ ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮಿತಿ. ಎರಡು, 130/85 ಅಥವಾ ಅದಕ್ಕಿಂತ ಹೆಚ್ಚಿನ ರಕ್ತದೊತ್ತಡ. ಮೂರು, ಖಾಲಿ ಹೊಟ್ಟೆಯಲ್ಲಿ 100 ದಾಟಿದ ಸಕ್ಕರೆ ಪ್ರಮಾಣ. ನಾಲ್ಕು, 150 ದಾಟಿದ ಟ್ರೈಗ್ಲಿಸರೈಡ್. ಐದು, ಒಳ್ಳೆಯ ಕೊಲೆಸ್ಟ್ರಾಲ್ ಎನ್ನಲಾಗುವ ಎಚ್‌ಡಿಎಲ್ ಕಡಿಮೆ ಇರುವುದು. ಇವುಗಳಲ್ಲಿ ಮೂರು ಸೇರಿದರೆ ಹೃದಯಕ್ಕೂ ರಕ್ತನಾಳಗಳಿಗೂ ಅಪಾಯ ಹೆಚ್ಚು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸ್ಕಿಜೋಫ್ರೇನಿಯಾ ಇರುವ ಸುಮಾರು ಮೂವರಲ್ಲಿ ಒಬ್ಬರಿಗೆ ಈ ಸ್ಥಿತಿ ಇರುವುದು ಕಂಡುಬಂದಿದೆ.

ಮೊದಲೇ ಭಾರತದಲ್ಲಿ ಸಕ್ಕರೆ ಕಾಯಿಲೆಯ ಹೊರೆ ದೊಡ್ಡದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಅಂದಾಜಿಸಿದೆ. ಈ ಹಿನ್ನೆಲೆಯ ಮೇಲೆ ಮಾನಸಿಕ ಕಾಯಿಲೆ ಮತ್ತು ಅದರ ಔಷಧಗಳ ಪರಿಣಾಮವೂ ಸೇರಿಕೊಳ್ಳುತ್ತದೆ.

ಔಷಧವೊಂದೇ ತಪ್ಪಿತಸ್ಥನಲ್ಲ

ದೂರು ಮೊದಲು ಹೋಗುವುದು ಮಾತ್ರೆಗಳ ಮೇಲೆ. ಅದರಲ್ಲಿ ನಿಜಾಂಶವೂ ಇದೆ. ಕ್ಲೋಜಪಿನ್ ಮತ್ತು ಓಲಾಂಜಪಿನ್ ತೂಕ ಹೆಚ್ಚಿಸುವುದರಲ್ಲಿ ಮುಂದಿವೆ. ಕ್ವೆಟಿಯಾಪಿನ್, ರಿಸ್ಪೆರಿಡೋನ್ ನಡುವಿನ ಸ್ಥಾನದಲ್ಲಿವೆ. ಅರಿಪಿಪ್ರಜೋಲ್, ಲುರಾಸಿಡೋನ್‌ಗಳಲ್ಲಿ ಈ ತೊಂದರೆ ಕಡಿಮೆ. ಕೆಲವು ಔಷಧಗಳು ಹಸಿವನ್ನು ಎಷ್ಟು ಹೆಚ್ಚಿಸುತ್ತವೆ ಎಂದರೆ ಊಟ ಮುಗಿಸಿ ಎದ್ದವರಿಗೆ ಮತ್ತೆ ತಟ್ಟೆಯ ಮುಂದೆ ಕೂರಬೇಕು ಅನ್ನಿಸುತ್ತದೆ. ಜತೆಗೆ ಮಂಪರು, ದಿನವಿಡೀ ಮಲಗಿರುವುದು, ಬೀಡಿ-ಸಿಗರೇಟು, ಕೈಯಲ್ಲಿ ಕಾಸಿಲ್ಲದಿರುವುದು, ಹೊರಗೆ ಹೋಗಲು ಮುಜುಗರ.

ಆದರೆ ಈ ಔಷಧಗಳು ಬರುವುದಕ್ಕೂ ಬಹಳ ಮೊದಲು, 1879ರಲ್ಲೇ ಬ್ರಿಟಿಷ್ ಮನೋವೈದ್ಯ ಹೆನ್ರಿ ಮಾಡ್ಸ್‌ಲಿ ಮಾನಸಿಕ ಕಾಯಿಲೆ ಇರುವ ಕುಟುಂಬಗಳಲ್ಲಿ ಮಧುಮೇಹ ಹೆಚ್ಚಾಗಿ ಕಾಣುವುದನ್ನು ಗುರುತಿಸಿದ್ದರು. ಅಂದರೆ ಎರಡು ಕಾಯಿಲೆಗಳ ನಂಟು ಮಾತ್ರೆಗಿಂತ ಹಳೆಯದು.

ಇನ್ನೊಂದು ಸಂಗತಿಯನ್ನು ಕುಟುಂಬಗಳು ಮರೆಯಬಾರದು. ಫಿನ್ಲೆಂಡ್‌ನ ರಾಷ್ಟ್ರಮಟ್ಟದ ದಾಖಲೆಗಳನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೀರ್ಘಕಾಲ ಔಷಧ ತೆಗೆದುಕೊಂಡವರಲ್ಲಿ ಸಾವಿನ ಪ್ರಮಾಣ ಔಷಧವನ್ನೇ ತೆಗೆದುಕೊಳ್ಳದವರಿಗಿಂತ ಕಡಿಮೆ ಇತ್ತು. ತೂಕ ಹೆಚ್ಚಿಸುವುದರಲ್ಲಿ ಕುಖ್ಯಾತವಾದ ಕ್ಲೋಜಪಿನ್ ತೆಗೆದುಕೊಂಡವರಲ್ಲೇ ಅದು ಅತಿ ಕಡಿಮೆ ಇತ್ತು. ಹಾಗಾಗಿ ತೂಕ ಏರಿತೆಂದು ಮನೆಯಲ್ಲೇ ಮಾತ್ರೆ ನಿಲ್ಲಿಸಿದರೆ ಒಂದು ಅಪಾಯದಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದಕ್ಕೆ ಸಿಕ್ಕಿಬಿದ್ದಂತೆ. ಮಾತ್ರೆ ಮುಂದುವರಿಯಬೇಕು, ದೇಹದ ಮೇಲೆ ಕಣ್ಣೂ ಇರಬೇಕು.

2004ರಿಂದಲೂ ಇರುವ ವೇಳಾಪಟ್ಟಿ

ಹೇಗೆ ಕಣ್ಣಿಡಬೇಕು ಎಂಬುದು ಹೊಸ ಸಂಶೋಧನೆಗೆ ಕಾದು ಕುಳಿತ ಪ್ರಶ್ನೆಯಲ್ಲ. ಅಮೆರಿಕದ ಮಧುಮೇಹ ತಜ್ಞರ ಹಾಗೂ ಮನೋವೈದ್ಯರ ಸಂಘಗಳು 2004ರಲ್ಲೇ ಜಂಟಿಯಾಗಿ ಒಂದು ವೇಳಾಪಟ್ಟಿ ಕೊಟ್ಟಿವೆ. ಔಷಧ ಶುರು ಮಾಡುವ ಮೊದಲು ತೂಕ, ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಶುಗರ್ ಮತ್ತು ಕೊಲೆಸ್ಟ್ರಾಲ್ ನೋಡಬೇಕು. ಅನಂತರ 4, 8 ಮತ್ತು 12ನೇ ವಾರದಲ್ಲಿ ತೂಕ, ಆಮೇಲೆ ಮೂರು ತಿಂಗಳಿಗೊಮ್ಮೆ. ಬಿಪಿ ಮತ್ತು ಶುಗರ್ 12ನೇ ವಾರ, ಬಳಿಕ ವರ್ಷಕ್ಕೊಮ್ಮೆ. ತೂಕ ಶೇ 5ರಷ್ಟು ಏರಿದರೆ ಔಷಧ ಬದಲಿಸುವ ಬಗ್ಗೆ ಯೋಚಿಸಬೇಕು. 60 ಕೆ.ಜಿ. ಇರುವವರಿಗೆ ಶೇ 5 ಎಂದರೆ ಕೇವಲ 3 ಕೆ.ಜಿ. ಮೊದಲ ದಿನ ತೂಕ ಬರೆದಿಡದಿದ್ದರೆ ಈ 3 ಕೆ.ಜಿ. ಯಾರಿಗೂ ಕಾಣುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯೂ ತೀವ್ರ ಮಾನಸಿಕ ಕಾಯಿಲೆ ಇರುವವರ ದೈಹಿಕ ಆರೋಗ್ಯಕ್ಕೆಂದೇ 2018ರಲ್ಲಿ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ಆದರೂ ಮನೋರೋಗ ವಿಭಾಗದಲ್ಲಿ ಸೊಂಟ ಅಳೆಯುವ ಟೇಪ್ ಹಿಡಿದ ಸಿಬ್ಬಂದಿ ಕಾಣುವುದು ಅಪರೂಪ.

ಗೊತ್ತಿದೆ, ಆದರೆ ಯಾರ ಕೆಲಸ?

ಸಿಬ್ಬಂದಿಗೆ ಅರಿವಿನ ಕೊರತೆ ಇದೆ ಎಂದು ಹೇಳಿ ಒಂದು ತರಬೇತಿ ಶಿಬಿರ ನಡೆಸಿ ಮುಗಿಸುವುದು ಸುಲಭ. ಆದರೆ ಓಲಾಂಜಪಿನ್ ತೆಗೆದುಕೊಂಡರೆ ದಪ್ಪಗಾಗುತ್ತಾರೆ ಎಂಬುದು ವಾರ್ಡಿನ ನರ್ಸ್‌ಗೂ ಗೊತ್ತು, ಫಾರ್ಮಸಿಸ್ಟ್‌ಗೂ ಗೊತ್ತು. ಎಡವುತ್ತಿರುವುದು ಆ ಅರಿವು ಯಾರ ಕರ್ತವ್ಯವೂ ಆಗದೇ ಉಳಿದಿರುವಲ್ಲಿ. ಶುಗರ್ ನೋಡುವುದು ಫಿಸಿಷಿಯನ್ ಕೆಲಸ ಎಂದು ಮನೋವೈದ್ಯರು ಅಂದುಕೊಳ್ಳುತ್ತಾರೆ. ಇವರು ಮನೋರೋಗ ವಿಭಾಗದ ರೋಗಿ ಎಂದು ಫಿಸಿಷಿಯನ್ ವಾಪಸ್ ಕಳಿಸುತ್ತಾರೆ. ರೋಗಿ ಮಾತ್ರೆ ನುಂಗಿದರೇ, ಗಲಾಟೆ ಮಾಡಿದರೇ, ರಾತ್ರಿ ನಿದ್ದೆ ಬಂತೇ ಎಂಬುದನ್ನು ನೋಡುವುದರಲ್ಲೇ ನರ್ಸ್ ಪಾಳಿ ಮುಗಿಯುತ್ತದೆ.

ಇದಕ್ಕೆ ಕ್ಲೋಜಪಿನ್ ಒಳ್ಳೆಯ ಉದಾಹರಣೆ. ಈ ಔಷಧ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಅಪಾಯಕಾರಿ ಮಟ್ಟಕ್ಕೆ ಇಳಿಸುತ್ತದೆ. ಆದ್ದರಿಂದ ಮೊದಲ ಕೆಲವು ತಿಂಗಳು ವಾರವಾರವೂ ರಕ್ತಪರೀಕ್ಷೆ ಮಾಡಿಸುವ ನಿಯಮವಿದೆ, ವರದಿ ನೋಡದೆ ಚೀಟಿ ಬರೆಯಲು ವೈದ್ಯರು ಹಿಂಜರಿಯುತ್ತಾರೆ. ಅದೇ ರಕ್ತದ ಜತೆಗೆ ಶುಗರ್ ನೋಡಿದ್ದರೆ ಇನ್ನೊಮ್ಮೆ ಸೂಜಿ ಚುಚ್ಚುವ ಅಗತ್ಯವೂ ಇರಲಿಲ್ಲ. ಕಡ್ಡಾಯವಾಗಿರುವ ಪರೀಕ್ಷೆ ನಡೆಯುತ್ತದೆ. ಅರಿವಿಗೆ ಬಿಟ್ಟ ಪರೀಕ್ಷೆ ಉಳಿದುಹೋಗುತ್ತದೆ.

ಇನ್ನೊಂದು ತೊಡಕು, ರೋಗಿಯ ಮಾತಿನ ಮೇಲಿನ ಅಪನಂಬಿಕೆ. ಎದೆ ಬಿಗಿಯುತ್ತದೆ, ಬಾಯಾರಿಕೆ ತಡೆಯಲಾಗುತ್ತಿಲ್ಲ, ಪದೇ ಪದೇ ಮೂತ್ರಕ್ಕೆ ಹೋಗಬೇಕು ಎಂದು ಸ್ಕಿಜೋಫ್ರೇನಿಯಾ ಇರುವವರು ಹೇಳಿದರೆ ಅದನ್ನೂ ಮನಸ್ಸಿನ ಕಾಯಿಲೆಯ ಖಾತೆಗೇ ಬರೆದುಬಿಡುವುದುಂಟು. ಊರು ಬಿಟ್ಟು ಬಂದವರಿಗೆ ಭಾಷೆಯ ಅಡ್ಡಿಯೂ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಶುರುಮಾಡಿ ಠಾಣೆಯಲ್ಲೋ ಪುಣೆಯಲ್ಲೋ ಮುಂದುವರಿಸುವ ಕನ್ನಡ ಕುಟುಂಬದ ಹಳೆಯ ಫೈಲು ಒಂದು ಕಡೆ, ಹೊಸ ಚೀಟಿ ಇನ್ನೊಂದು ಕಡೆ ಇದ್ದರೆ, ಮೊದಲ ತೂಕ ಎಷ್ಟಿತ್ತು ಎಂಬುದು ಹೊಸ ವೈದ್ಯರಿಗೆ ತಿಳಿಯುವುದೇ ಇಲ್ಲ.

30 ವರ್ಷದ ಗೆರೆ

ಸರ್ಕಾರದ ಯೋಜನೆಗಳ ವಿನ್ಯಾಸದಲ್ಲೂ ಒಂದು ಬಿರುಕಿದೆ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬಿಪಿ, ಶುಗರ್ ತಪಾಸಣೆಗೆ ಜನರನ್ನು ಗುರುತಿಸುವುದು 30 ವರ್ಷ ದಾಟಿದವರನ್ನು. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ಶುರುವಾಗುವುದು ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಹರೆಯದಲ್ಲಿ. 21ಕ್ಕೆ ಓಲಾಂಜಪಿನ್ ಶುರು ಮಾಡಿದ ಯುವಕ ಈ ಜಾಲಕ್ಕೆ ಸಿಗಬೇಕಾದರೆ ಒಂಬತ್ತು ವರ್ಷ ಕಾಯಬೇಕು. ತೂಕ ವೇಗವಾಗಿ ಏರುವುದಾದರೋ ಚಿಕಿತ್ಸೆಯ ಮೊದಲ ತಿಂಗಳುಗಳಲ್ಲೇ.

ಜಿಲ್ಲಾ ಆಸ್ಪತ್ರೆಗಳಲ್ಲಿ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ ಇದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವೂ ಇದೆ. ಈ ಎರಡನೆಯ ಕಾರ್ಯಕ್ರಮ 1996ರಲ್ಲಿ ದೇಶದಲ್ಲಿ ಆರಂಭವಾದಾಗ ಅದಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಮಾನಸಿಕ ಚಿಕಿತ್ಸೆಯನ್ನು ಸಾಮಾನ್ಯ ಆಸ್ಪತ್ರೆಗೆ ತಂದದ್ದು ಅದರ ಹೆಚ್ಚುಗಾರಿಕೆ. ಆದರೆ ಒಂದೇ ಆವರಣದೊಳಗಿನ ಎರಡು ಕೊಠಡಿಗಳ ನಡುವೆ ಚೀಟಿ ಓಡಾಡದಿದ್ದರೆ ಅದರ ಅರ್ಧ ಉದ್ದೇಶ ವ್ಯರ್ಥ.

ಸಿಬ್ಬಂದಿಯ ಕಡೆಯಿಂದಲೂ ನ್ಯಾಯವಾದ ಮಾತಿದೆ. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ತೀವ್ರ ಮನೋವಿಕಾರ ಇರುವವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಹೀಗಿರುವಾಗ ಸೊಂಟ ಅಳೆಯುತ್ತಾ ಕೂರುವುದೇ ಎಂದು ಕೇಳಬಹುದು. ಉನ್ಮಾದದಲ್ಲಿ ಬಂದ ರೋಗಿಯನ್ನು ಮೊದಲು ಶಾಂತಗೊಳಿಸಬೇಕು ಎಂಬುದೂ ಸರಿ. ಆದರೆ ತೂಕ ಮತ್ತು ಬಿಪಿ ನೋಡಲು ಮನೋವೈದ್ಯರು ಬೇಕಿಲ್ಲ. ಎರಡು ಮೂರು ನಿಮಿಷ, ಒಂದು ಟೇಪ್, ಒಂದು ತೂಕದ ಯಂತ್ರ ಸಾಕು. ಕೊರತೆ ಇರುವ ಕಡೆಯೇ ನರ್ಸ್‌ಗಳ ಕೈಗೆ ಈ ಹೊಣೆ ಹೆಸರು ಹೇಳಿ ಕೊಡಬೇಕು.

ಏನು ಬದಲಾಗಬೇಕು?

ಮೊದಲನೆಯದು, ಮನೋರೋಗ ವಿಭಾಗದ ಓಪಿಡಿ ಚೀಟಿಯಲ್ಲೇ ತೂಕ, ಸೊಂಟ, ಬಿಪಿ, ಶುಗರ್‌ಗೆ ಅಂಕಣ ಇರಬೇಕು; ಅದು ಭರ್ತಿಯಾಗದೆ ಚೀಟಿ ಮುಂದಕ್ಕೆ ಹೋಗಬಾರದು. ಎರಡನೆಯದು, ಈ ಔಷಧ ಶುರು ಮಾಡಿದವರಿಗೆ ವಯಸ್ಸು ನೋಡದೆ ಅಸಾಂಕ್ರಾಮಿಕ ರೋಗಗಳ ತಪಾಸಣೆ ಸಿಗಬೇಕು. ಮೂರನೆಯದು, ಅಂಕಿ ಏರಿದಾಗ ಏನು ಮಾಡಬೇಕೆಂಬುದೂ ನಿಗದಿಯಾಗಿರಬೇಕು: ಆಹಾರ, ನಡಿಗೆಯ ಸಲಹೆ, ಅಗತ್ಯವಿದ್ದರೆ ಔಷಧ ಬದಲಾವಣೆ ಅಥವಾ ಮೆಟ್‌ಫಾರ್ಮಿನ್. ಬರೀ ಬರೆದಿಟ್ಟ ಅಂಕಿ ಯಾರ ಜೀವವನ್ನೂ ಉಳಿಸುವುದಿಲ್ಲ.

ಇದು ಔದಾರ್ಯದ ಮಾತೂ ಅಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 21ನೇ ಸೆಕ್ಷನ್ ಮಾನಸಿಕ ಕಾಯಿಲೆ ಇರುವವರನ್ನು ಆರೋಗ್ಯ ಸೇವೆಯಲ್ಲಿ ದೈಹಿಕ ಕಾಯಿಲೆ ಇರುವವರಿಗೆ ಸಮಾನವಾಗಿ ನೋಡಬೇಕು ಎನ್ನುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸಿಗುವ ತಪಾಸಣೆ ಇವರಿಗೆ ತಪ್ಪಿದರೆ ಅದು ಆ ಸಮಾನತೆಗೇ ವಿರುದ್ಧ.

ಕುಟುಂಬಗಳ ಪಾತ್ರವೂ ಸಣ್ಣದಲ್ಲ. ರೋಗಿ ಬರಲು ಒಪ್ಪುವುದಿಲ್ಲವೆಂದು ತಾಯಿಯೋ ಅಣ್ಣನೋ ಬಂದು ತಿಂಗಳ ಮಾತ್ರೆ ಒಯ್ಯುವುದು ನಮ್ಮ ಆಸ್ಪತ್ರೆಗಳಲ್ಲಿ ಮಾಮೂಲು. ಆಗ ಚೀಟಿ ನವೀಕರಣವಾಗುತ್ತದೆ, ದೇಹ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಮೂರು ತಿಂಗಳಿಗೊಮ್ಮೆಯಾದರೂ ರೋಗಿಯನ್ನು ಕರೆತರುವುದು, ಆಗದಿದ್ದರೆ ಹತ್ತಿರದ ಔಷಧ ಅಂಗಡಿಯಲ್ಲಿ ತೂಕ ನೋಡಿ ಬರೆದುಕೊಂಡು ಬರುವುದು, 'ಇವರ ಶುಗರ್ ಕೊನೆಯ ಸಲ ನೋಡಿದ್ದು ಯಾವಾಗ?' ಎಂದು ಕೇಳುವುದು ಮನೆಯವರ ಕೈಯಲ್ಲಿದೆ. ಸಂದೇಹವಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು.

ದನಿ ಕೇಳಿಸುವುದು ನಿಂತಿತು, ಮಗ ಮನೆಯಲ್ಲಿ ಸುಮ್ಮನಿದ್ದಾನೆ ಎಂಬುದನ್ನೇ ಚಿಕಿತ್ಸೆಯ ಗೆಲುವು ಎಂದುಕೊಂಡ ಕುಟುಂಬಕ್ಕೆ, ಅದೇ ಮಗ ನಲವತ್ತಕ್ಕೆ ಹೃದಯಾಘಾತದಿಂದ ಹೋದರೆ ಆ ಗೆಲುವಿನಲ್ಲಿ ಏನು ಉಳಿಯುತ್ತದೆ? ಅದನ್ನು ತಪ್ಪಿಸುವ ಮೊದಲ ಹೆಜ್ಜೆ, ಚಿಕಿತ್ಸೆ ಆರಂಭವಾದ ದಿನವೇ ಚೀಟಿಯ ಮೇಲೆ ಬರೆಯಬೇಕಾದ ತೂಕ.