ಗಡಿಗೆ ಬಾವುಟ ಒಯ್ದವರೇ, ಕೂಸಿಗೊಂದು ಪುಸ್ತಕ ಒಯ್ಯಿರಿ



ನವೆಂಬರ್ ಬಂದರೆ ನಮಗೆ ಬೆಳಗಾವಿ ಗಡಿ ನೆನಪಾಗುತ್ತದೆ. ಬಸ್ ಹತ್ತುತ್ತೇವೆ, ಘೋಷಣೆ ಕೂಗುತ್ತೇವೆ, ಮಹಾಜನ ವರದಿ 1967ರಲ್ಲೇ ಬಂದಿದೆ ಎಂದು ಗುಡುಗುತ್ತೇವೆ. ಮರುದಿನ ಮನೆಗೆ ವಾಪಸ್. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಎರಡು ವರ್ಷದ ಕೂಸಿನೊಂದಿಗೆ ಯಾರು ಮಾತಾಡುತ್ತಿದ್ದಾರೆ ಎಂದು ಎಂದಾದರೂ ಕೇಳಿದ್ದೇವೆಯೇ?

ಭಾಷೆ ಹುಟ್ಟುವುದು ವಿಧಾನಸೌಧದಲ್ಲಲ್ಲ, ತೊಡೆಯ ಮೇಲೆ. ಕೂಸು ವರ್ಷದ ಹೊತ್ತಿಗೆ ಮೊದಲ ಮಾತು ಆಡುತ್ತದೆ, ಎರಡು ವರ್ಷಕ್ಕೆ ಎರಡು ಪದ ಜೋಡಿಸುತ್ತದೆ. ಅದಕ್ಕೆ ಬೇಕಾದದ್ದು ಎದುರು ಕೂತು ಮಾತಾಡುವ ಮನುಷ್ಯರು. ಕಬ್ಬಿನ ಗದ್ದೆಯಿಂದ, ಬೀಡಿ ಕಟ್ಟುವ ಕೆಲಸದಿಂದ ದಣಿದು ಬಂದ ತಾಯಿಗೆ ಬಿಡುವೆಲ್ಲಿ? ಕೈಗೆ ಮೊಬೈಲ್ ಕೊಟ್ಟರೆ ಕೂಸು ಸುಮ್ಮನಾಗುತ್ತದೆ. ಆ ಸುಮ್ಮನಾಗುವುದೇ ಅಪಾಯ.

ಇಲ್ಲಿ ಚಿತ್ರಪುಸ್ತಕ ಕೆಲಸಕ್ಕೆ ಬರುತ್ತದೆ. ದಿನಕ್ಕೆ ಹತ್ತು ನಿಮಿಷ ಕೊಡಿ. ಓದಲೇಬೇಕೆಂದಿಲ್ಲ. ಚಿತ್ರ ತೋರಿಸಿ, 'ಇದೇನು?' ಎಂದು ಕೇಳಿ, ಕಾಯಿರಿ. ಕೂಸು 'ಎಮ್ಮಿ' ಎಂದರೆ, 'ಹೌದು, ಕರಿ ಎಮ್ಮಿ ನೀರಾಗ ನಿಂತೈತಿ' ಎಂದು ಮಾತು ಬೆಳೆಸಿ. ಅಕ್ಷರ ಬಾರದ ಅಜ್ಜಿಯೂ ಇದನ್ನು ಮಾಡಬಲ್ಲಳು. ಅಮೆರಿಕದ ಬಾಸ್ಟನ್‌ನಲ್ಲಿ 1989ರಲ್ಲೇ ವೈದ್ಯರು ಮಕ್ಕಳ ತಪಾಸಣೆಯ ಹೊತ್ತಿಗೆ ಪುಸ್ತಕ ಕೊಡಲು ಶುರುಮಾಡಿದರು. ನಮ್ಮ ಅಂಗನವಾಡಿಗಳಲ್ಲಿ ಇದೇಕೆ ಆಗದು?

ಒಂದು ಎಚ್ಚರಿಕೆ. ಬೆಂಗಳೂರಿನ ಪುಸ್ತಕದಲ್ಲಿ 'ಎತ್ತಿನ ಗಾಡಿ' ಎಂದಿದ್ದರೆ ಅಥಣಿಯ ಅವ್ವ 'ಚಕ್ಕಡಿ' ಎನ್ನಲಿ, ತಿದ್ದಬೇಡಿ. ನಿಪ್ಪಾಣಿಯ ಮರಾಠಿ ಆಯಿ 'ಬೈಲಗಾಡಿ' ಎನ್ನಲಿ. ಎರಡು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುತ್ತದೆ ಎಂಬುದು ಸುಳ್ಳು. ಮನೆಮಾತು ಗಟ್ಟಿಯಾದ ಮಗು ಕನ್ನಡವನ್ನೂ ಗಟ್ಟಿಯಾಗಿ ಕಲಿಯುತ್ತದೆ. ಕೂಸಿನೊಂದಿಗೆ ನಮಗೆ ಗಡಿ ತಂಟೆ ಇಲ್ಲ.

ಪುಸ್ತಕ ಔಷಧವಲ್ಲ. ಎರಡು ತುಂಬಿದರೂ ಎರಡು ಪದ ಕೂಡಿಸದ, ಕರೆದರೆ ತಿರುಗದ ಕೂಸಿನ ಕಿವಿ ತಪಾಸಣೆ ಆಗಲೇಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನು ನೋಡಬೇಕು. ಬಂದಿತೇ ಎಂದು ಕೇಳುವುದೂ ಕನ್ನಡದ ಹೋರಾಟವೇ.

ಕನ್ನಡದ ಯುವಕ ಯುವತಿಯರೇ, ಮುಂದಿನ ಬಾರಿ ಗಡಿಗೆ ಹೋಗುವಾಗ ಬಾವುಟದ ಜೊತೆ ಚೀಲದಲ್ಲಿ ಹತ್ತು ಚಿತ್ರಪುಸ್ತಕ ಇರಲಿ. ದುಡ್ಡಿಲ್ಲ ಎನ್ನಬೇಡಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳು ಪುಕ್ಕಟೆ ಸಿಗುತ್ತವೆ, ಮುದ್ರಿಸಿ ಒಯ್ಯಿರಿ. ಅಂಗನವಾಡಿಯಲ್ಲಿ ಕೂತು ಒಂದು ಕಥೆ ಹೇಳಿ ಬನ್ನಿ.

ಗಡಿಯಲ್ಲಿ ಕಲ್ಲು ನೆಟ್ಟವರು ಬಹಳ ಜನ. ಮಾತು ನೆಡುವವರು ಬೇಕಾಗಿದ್ದಾರೆ.