ಆಟದ ಬಯಲು ಖಾಲಿ ನಿವೇಶನವಲ್ಲ

ಕಳೆದ ಭಾನುವಾರ ಮುಂಜಾನೆ, ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡಿನ ಬಡಾವಣೆಯೊಂದರಲ್ಲಿ ವರ್ಷಗಳಿಂದ ಹುಡುಗರು ಕಾಲ್ಚೆಂಡಾಡುತ್ತಿದ್ದ ಬಯಲಿನ ಸುತ್ತ ತಗಡಿನ ಬೇಲಿ ಎದ್ದಿರುವುದನ್ನೂ, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡ ಬಾಲಕರು ಅದರ ಸಂದಿಯಲ್ಲಿ ಇಣುಕುತ್ತಿರುವುದನ್ನೂ ಕಂಡು ಬಂದ ನನಗೆ, ಇನ್ನು ಸುಮ್ಮನಿರುವುದು ಪಾಪವೆಂದು ತೋರಿದುದರಿಂದ ಈ ಮನವಿಯನ್ನು ಬರೆಯುತ್ತಿದ್ದೇನೆ. ಇಂಥ ಬೇಲಿಗಳನ್ನು ಪೀಣ್ಯದಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ನೀವು ಕಂಡಿದ್ದೀರಿ. ಕಂಡು ಮುಂದೆ ನಡೆದಿದ್ದೀರಿ.

1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಕಾಲ್ಚೆಂಡಿನ ರೋವರ್ಸ್ ಕಪ್ಪನ್ನು ಗೆದ್ದು ತಂದ ಊರು ಇದು, ಗೌತಮಪುರದ ಗಲ್ಲಿಗಳು ಆಟಗಾರರನ್ನು ಹೆತ್ತ ಊರು, ಎಚ್.ಎ.ಎಲ್., ಐ.ಟಿ.ಐ. ಕಾರ್ಖಾನೆಗಳು ದುಡಿಮೆಯೊಡನೆ ಕಾಲ್ಚೆಂಡಿನ ತಂಡಗಳನ್ನೂ ಸಾಕಿದ ಊರು. ಇಂಥ ಊರಿನಲ್ಲಿ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ., ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ತನ್ನ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದರೂ, ಮರುವರ್ಷವೇ ಓಟಗಾರರಿಗಾಗಿ ಕಟ್ಟಿದ ಕಂಠೀರವ ಕ್ರೀಡಾಂಗಣವನ್ನು ಆಶ್ರಯಿಸಬೇಕಾಯಿತು. 2016ರಲ್ಲಿ ಅಲ್ಲಿಯೇ ಮಲೇಷ್ಯಾದ ಜೋಹೊರ್ ತಂಡವನ್ನು ಸೋಲಿಸಿ, ಏಷ್ಯಾದ ಕ್ಲಬ್ಬುಗಳ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೇರಿದ ಪ್ರಥಮ ಭಾರತೀಯ ಕ್ಲಬ್ ಎನಿಸಿತು. ಆದರೆ ಕಾಲ್ಚೆಂಡಿನಿಂದ ತಮ್ಮ ಅಭ್ಯಾಸಕ್ಕೆ ಅಡ್ಡಿಯಾಯಿತೆಂದು ಅಥ್ಲೀಟುಗಳು ದೂರಿದರು; ಅವರ ದೂರಿನಲ್ಲಿ ನ್ಯಾಯವಿತ್ತು. ಒಬ್ಬರ ಮನೆಯಲ್ಲಿ ಇನ್ನೊಬ್ಬರನ್ನು ಬಾಡಿಗೆಗಿರಿಸಿ, ಇಬ್ಬರನ್ನೂ ಜಗಳಕ್ಕೆ ಹಚ್ಚಿದವರು ನಾವು.

ಇದಕ್ಕೆಲ್ಲ ಮೂಲ ಒಂದೇ, ಅದು ಅಕ್ಷಮ್ಯ: ಆಟದ ಬಯಲನ್ನು ಖಾಲಿ ಬಿದ್ದ ನಿವೇಶನವೆಂದು ಎಣಿಸುವ ಬುದ್ಧಿ. ಗಾಜಿನ ಸೌಧಗಳಿಗೆ ಎಕರೆಗಟ್ಟಲೆ ನೆಲವನ್ನು ಒದಗಿಸಿದ ಈ ಹೊರವಲಯದಲ್ಲಿ, ಮಗುವೊಂದು ಕಾಸು ಕೊಡದೆ ಓಡಬಲ್ಲ ಜಾಗ ಎಷ್ಟಿದೆ? ಗಂಟೆಗಿಷ್ಟೆಂದು ತೆತ್ತು ಟರ್ಫಿನ ಮೇಲೆ ಆಡುವ ಉದ್ಯೋಗಿಗಳೇ, ಆ ಹಣವಿಲ್ಲದ ಕಾರ್ಮಿಕನ ಮಗನನ್ನು ಒಮ್ಮೆಯಾದರೂ ನೆನೆದಿರಾ? ರಾತ್ರಿ ಗ್ಯಾಲರಿಯಲ್ಲಿ ಕ್ಲಬ್ಬಿನ ನೀಲಿ ಅಂಗಿ ತೊಟ್ಟು ಜಯಘೋಷ ಮಾಡಿ, ಬೆಳಗ್ಗೆ ತಮ್ಮ ಬೀದಿಯ ಬಯಲು ಮಾಯವಾದುದಕ್ಕೆ ತುಟಿ ಬಿಚ್ಚದ ಅಭಿಮಾನವು ಎಂಥ ಅಭಿಮಾನ!

ಉದ್ಯಾನಗಳನ್ನೂ ಆಟದ ಬಯಲುಗಳನ್ನೂ ರಕ್ಷಿಸಲು 1985ರ ಕಾಯಿದೆಯೇ ಇದೆ; ಕೇಳುವವರಿಲ್ಲದಿದ್ದರೆ ಕಾಯಿದೆ ಬರಿಯ ಕಾಗದ. ನಿಮ್ಮ ಬಡಾವಣೆಯ ನಕ್ಷೆಯನ್ನು ತರಿಸಿ ನೋಡಿರಿ; ಆಟಕ್ಕೆಂದು ಗುರುತಿಸಿದ ನೆಲವನ್ನು ಹತ್ತು ಮಂದಿ ಕೂಡಿ ಕೇಳಿರಿ. ಇಷ್ಟೇ ನನ್ನ ಬೇಡಿಕೆ. ಮಕ್ಕಳು ನಮಗಾಗಿ ಕಾದು ನಿಲ್ಲರು. ಅವರು ಬೆಳೆದುಬಿಡುತ್ತಾರೆ, ಆಡದೆಯೇ ಬೆಳೆದುಬಿಡುತ್ತಾರೆ. ಆ ಬೇಲಿ ಇಂದಿಗೆ ಇನ್ನೂ ತಗಡಿನದು. ಅದು ಗೋಡೆಯಾಗುವ ಮುನ್ನ ಬನ್ನಿರಿ.