ಇದ್ದದ್ದನ್ನೇ ಹೇಳಿದರೆ ತಪ್ಪೇನು?

ಸಂಪಗಾಂವದಂಥ ಊರಿನಲ್ಲಿ ಒಂದು ಮಾತು ಬಸ್ ನಿಲ್ದಾಣದಿಂದ ಕೊನೆಯ ಓಣಿಗೆ ತಲುಪಲು ಎಷ್ಟು ಹೊತ್ತು ಬೇಕು? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಒಬ್ಬ ಮೂವರಿಗೆ ಹೇಳುತ್ತಾನೆ, ಆ ಮೂವರು ತಲಾ ಮೂವರಿಗೆ ಹೇಳುತ್ತಾರೆ ಎಂದಿಟ್ಟುಕೊಳ್ಳೋಣ. ಏಳನೆಯ ಸುತ್ತಿಗೆ ಮಾತು ಹೊಸದಾಗಿ 2,187 ಜನರ ಕಿವಿಗೆ ಬೀಳುತ್ತದೆ. ಒಂದೊಂದು ಸುತ್ತಿಗೆ ಅರ್ಧ ಗಂಟೆ ಹಿಡಿದರೂ ಮುಂಜಾನೆ ಒಂಬತ್ತಕ್ಕೆ ಹೊರಟ ಮಾತು ಮಧ್ಯಾಹ್ನದ ಊಟದ ಹೊತ್ತಿಗೆ ಊರು ಸುತ್ತಿ ಮುಗಿಸಿರುತ್ತದೆ. ಅದನ್ನು ಹಿಂದಕ್ಕೆ ಕರೆಸಿಕೊಳ್ಳುವ ಉಪಾಯ ಮಾತ್ರ ಯಾರ ಬಳಿಯೂ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಆಡಿದವರನ್ನು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: 'ನಾನೇನು ಸುಳ್ಳು ಹೇಳಿದೆನೇ? ಇದ್ದದ್ದನ್ನೇ ಹೇಳಿದೆ.' ನೆರೆಮನೆಯ ಹುಡುಗ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದದ್ದು ನಿಜ. ಹಿಂದಿನ ಓಣಿಯ ಹುಡುಗಿ ಸಹಪಾಠಿಯೊಡನೆ ನಿಂತು ಮಾತನಾಡಿದ್ದೂ ನಿಜ. ಆದರೆ ಆ ನಿಜ ಹತ್ತು ಬಾಯಿ ದಾಟುವಷ್ಟರಲ್ಲಿ ಹುಡುಗ ಮನೆಯಿಂದ ಹೊರಬರಲು ಅಂಜುತ್ತಾನೆ, ಹುಡುಗಿ ಶಾಲೆ ಬಿಡಬೇಕಾಗುತ್ತದೆ.

'ಇದ್ದದ್ದನ್ನೇ ಹೇಳಿದೆ' ಎಂಬ ಸಮರ್ಥನೆಯನ್ನು ಇಸ್ಲಾಮಿನ ನೀತಿ ಒಪ್ಪುವುದಿಲ್ಲ. 'ಗೀಬತ್' ಎಂದರೇನು ಎಂಬ ಪ್ರಶ್ನೆಗೆ ಪ್ರವಾದಿ ಮುಹಮ್ಮದರು ಕೊಟ್ಟ ವಿವರಣೆ ಹದೀಸ್ ಸಂಗ್ರಹಗಳಲ್ಲಿದೆ. ಒಬ್ಬನ ಬೆನ್ನ ಹಿಂದೆ, ಅವನು ಕೇಳಿಸಿಕೊಂಡರೆ ನೊಂದುಕೊಳ್ಳುವಂಥ ಮಾತನ್ನು ಆಡುವುದೇ ಗೀಬತ್. ಆ ದೋಷ ಅವನಲ್ಲಿ ನಿಜವಾಗಿಯೂ ಇದ್ದರೆ? ಇದ್ದರೇನೇ ಅದು ಗೀಬತ್. ಇಲ್ಲದಿದ್ದರೆ ಅದು 'ಬುಹ್ತಾನ್', ಅಂದರೆ ಸುಳ್ಳು ಆರೋಪ. ಜಗಳ ಹಚ್ಚಲೆಂದು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಯ್ಯುವುದು 'ನಮೀಮಾ', ಕನ್ನಡದ ಚಾಡಿ. ಹೀಗೆ, ನಿಜ ಹೇಳಿದೆ ಎನ್ನುವವನು ಹೆಚ್ಚೆಂದರೆ ಎರಡನೆಯ ತಪ್ಪಿನಿಂದ ಪಾರಾದಾನು; ಮೊದಲನೆಯದನ್ನು ತಾನೇ ಒಪ್ಪಿಕೊಂಡಂತಾಯಿತು.

ಕುರ್‌ಆನಿನ 49ನೆಯ ಅಧ್ಯಾಯ 'ಅಲ್ ಹುಜುರಾತ್'. ಅದರ 12ನೆಯ ವಚನದಲ್ಲಿ ಮೂರು ನಿಷೇಧಗಳು ಒಂದರ ಹಿಂದೆ ಒಂದು ಬರುತ್ತವೆ: ಅತಿಯಾದ ಸಂಶಯ ಬೇಡ, ಇನ್ನೊಬ್ಬರ ಗುಟ್ಟು ಕೆದಕುವುದು ಬೇಡ, ಬೆನ್ನ ಹಿಂದೆ ಆಡಿಕೊಳ್ಳುವುದು ಬೇಡ. ಈ ಕ್ರಮವನ್ನು ಗಮನಿಸಬೇಕು. ಮೊದಲು ಮನಸ್ಸಿನಲ್ಲಿ ಸಂಶಯ, ಆಮೇಲೆ ಕಣ್ಣು ಕಿವಿಗಳ ಹುಡುಕಾಟ, ಕೊನೆಗೆ ನಾಲಿಗೆ. ಹೀಗೆ ಆಡಿಕೊಳ್ಳುವುದನ್ನು ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಅಲ್ಲಿ ಹೋಲಿಸಲಾಗಿದೆ. ಸತ್ತವನು ಎದ್ದು ತಡೆಯಲಾರ. ಎದುರಿಗಿಲ್ಲದವನದೂ ಅದೇ ಸ್ಥಿತಿ.

ಆಡುವವರಿಗಷ್ಟೇ ಅಲ್ಲ, ಕೇಳುವವರಿಗೂ ಹೊಣೆಯುಂಟು. ಪ್ರವಾದಿಯವರ ಪತ್ನಿ ಆಯಿಷಾ ಒಂದು ಪ್ರಯಾಣದಲ್ಲಿ ಕಳೆದುಹೋದ ಸರವನ್ನು ಹುಡುಕುತ್ತ ತಂಡದಿಂದ ಹಿಂದುಳಿದರು. ಹಿಂದಿನಿಂದ ಬರುತ್ತಿದ್ದ ಸಫ್ವಾನ್ ಎಂಬವರು ಅವರನ್ನು ತಮ್ಮ ಒಂಟೆಯ ಮೇಲೆ ಕೂರಿಸಿ ತಂಡಕ್ಕೆ ಮುಟ್ಟಿಸಿದರು. ಅಷ್ಟಕ್ಕೇ ಅಪವಾದ ಹುಟ್ಟಿತು. ಮದೀನಾದಲ್ಲಿ ಸುಮಾರು ಒಂದು ತಿಂಗಳು ಅದೇ ಮಾತು. 24ನೆಯ ಅಧ್ಯಾಯ 'ಅನ್ನೂರ್' ಅವರನ್ನು ನಿರ್ದೋಷಿ ಎಂದು ಸಾರಿತು. ಕೇಳಿದ ಕೂಡಲೇ ನಿಮ್ಮವರ ಬಗ್ಗೆ ಒಳ್ಳೆಯದನ್ನೇಕೆ ಭಾವಿಸಲಿಲ್ಲ ಎಂದು ಅದು ಕೇಳುಗರನ್ನೂ ತರಾಟೆಗೆ ತೆಗೆದುಕೊಂಡಿತು. ಅಪವಾದ ಹಬ್ಬಿಸಿದವರಲ್ಲಿ ಮಿಸ್ತಹ್ ಎಂಬ ಬಡ ಬಂಧುವೂ ಇದ್ದ. ಅವನಿಗೆ ಕೊಡುತ್ತಿದ್ದ ನೆರವನ್ನು ನಿಲ್ಲಿಸುವುದಾಗಿ ಆಯಿಷಾರ ತಂದೆ ಅಬೂಬಕರ್ ಆಣೆ ಇಟ್ಟರು. ಕ್ಷಮಿಸಿರೆಂಬ ಆದೇಶ ಬಂದಾಗ ಮತ್ತೆ ನೆರವು ಕೊಡತೊಡಗಿದರು.

ಬೈಲಹೊಂಗಲ, ಸವದತ್ತಿ ಕಡೆಯ ಓದುಗರಿಗೆ ಈ ನೀತಿ ಹೊರಗಿನದೆನಿಸಲಾರದು. 12ನೆಯ ಶತಮಾನದ ಬಸವಣ್ಣನವರೂ ಇನ್ನೊಬ್ಬರನ್ನು ಹಳಿಯುವುದನ್ನು ಕಳವು, ಕೊಲೆಗಳ ಸಾಲಿಗೇ ಸೇರಿಸಿದ್ದರು.

ಬಾಯಿಂದ ಬಾಯಿಗೆ ಹೋಗುವ ಮಾತು ಇದ್ದಂತೆಯೇ ಉಳಿಯುವುದೂ ಇಲ್ಲ. 1947ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ ತಮ್ಮ ಪ್ರಯೋಗಗಳ ಫಲವನ್ನು ಪ್ರಕಟಿಸಿದರು. ಐದಾರು ಬಾಯಿ ದಾಟುವಷ್ಟರಲ್ಲಿ ಸುಮಾರು ಶೇಕಡಾ 70ರಷ್ಟು ವಿವರಗಳು ಕಳಚಿ ಬೀಳುತ್ತಿದ್ದವು. ಉಳಿದ ತುಣುಕು ಮೊನಚಾಗುತ್ತಿತ್ತು. ಕೇಳುವವರ ಮನಸ್ಸಿನಲ್ಲಿ ಮೊದಲೇ ಇದ್ದ ಭಯಕ್ಕೆ, ಪೂರ್ವಗ್ರಹಕ್ಕೆ ತಕ್ಕಂತೆ ಆಕಾರ ಪಡೆಯುತ್ತಿತ್ತು.

ಇದರ ಘೋರ ರೂಪವನ್ನು ಕರ್ನಾಟಕ ಕಂಡಿದೆ. ಜುಲೈ 13, 2018ರಂದು ಬೀದರ ಜಿಲ್ಲೆಗೆ ಹೈದರಾಬಾದಿನಿಂದ ಕೆಲವು ಸ್ನೇಹಿತರು ಬಂದಿದ್ದರು. ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕಲೇಟು ಕೊಟ್ಟರು. ಕೊಟ್ಟದ್ದು ನಿಜ. ಅದಕ್ಕೆ 'ಮಕ್ಕಳ ಕಳ್ಳರು' ಎಂಬ ಸಂಶಯ ಅಂಟಿಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಗುಂಪು ಅವರ ಮೇಲೆ ಬಿತ್ತು. ಒಬ್ಬ ಯುವ ಇಂಜಿನಿಯರ್ ಪ್ರಾಣ ಕಳೆದುಕೊಂಡ. ದೇಶದ ಹಲವೆಡೆ ಇಂಥ ಕೊಲೆಗಳಾದ ಮೇಲೆ, ಅದೇ ತಿಂಗಳು, ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿಯನ್ನು ಆ ಕಂಪನಿ ಭಾರತದಲ್ಲಿ ಪ್ರಕಟಿಸಿತು. ತಂದ ಸುದ್ದಿಯನ್ನು ಮೊದಲು ಪರಿಶೀಲಿಸಿರಿ, ಇಲ್ಲವಾದರೆ ತಿಳಿಯದೆ ಯಾರಿಗೋ ಹಾನಿ ಮಾಡಿ ಪಶ್ಚಾತ್ತಾಪ ಪಡಬೇಕಾದೀತು ಎಂಬ ಎಚ್ಚರಿಕೆ ಮೇಲೆ ಹೇಳಿದ 49ನೆಯ ಅಧ್ಯಾಯದ 6ನೆಯ ವಚನದಲ್ಲಿದೆ.

ಹಾಗಾದರೆ ಬಾಯಿ ಹೊಲಿದುಕೊಂಡು ಕೂರಬೇಕೇ? ಇಲ್ಲ. 1111ರಲ್ಲಿ ತೀರಿಕೊಂಡ ಇಮಾಮ್ ಗಝ್ಝಾಲಿ ತಮ್ಮ 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ನಾಲಿಗೆಯ 20 ಕೇಡುಗಳನ್ನು ವಿವರಿಸಿದ್ದಾರೆ. ಗೀಬತ್ತಿಗೆ ವಿನಾಯಿತಿಗಳನ್ನೂ ಕೊಟ್ಟಿದ್ದಾರೆ. ಅನ್ಯಾಯಕ್ಕೊಳಗಾದವನು ನ್ಯಾಯ ಕೊಡಬಲ್ಲವರ ಮುಂದೆ ದೂರಬಹುದು. ಕೆಟ್ಟದ್ದನ್ನು ತಡೆಯಲು ನೆರವು ಬೇಡಬಹುದು. ಮೋಸ ಹೋಗಲಿರುವವನನ್ನು ಎಚ್ಚರಿಸಬಹುದು.

ಪಾಲಕರು ಮುಖ್ಯವಾಗಿ ನೆನಪಿಡಬೇಕಾದದ್ದು ಇದನ್ನೇ. ದೊಡ್ಡವರೊಬ್ಬರು ತನ್ನೊಡನೆ ಕೆಟ್ಟದಾಗಿ ನಡೆದುಕೊಂಡರೆಂದು ಮಗು ಹೇಳಿದರೆ ಅದು ಚಾಡಿಯಲ್ಲ, ದೂರು. 'ಹಿರಿಯರ ಮೇಲೆ ಹಾಗೆಲ್ಲ ಹೇಳಬಾರದು' ಎಂದು ಅದರ ಬಾಯಿ ಮುಚ್ಚಿಸುವುದು ನೀತಿಯೂ ಅಲ್ಲ, ಧರ್ಮವೂ ಅಲ್ಲ. ಮಕ್ಕಳ ಸಹಾಯವಾಣಿ 1098 ಇರುವುದು ಇದಕ್ಕಾಗಿಯೇ. ಆದರೆ ಅದೇ ಸಂಗತಿಯನ್ನು ಮಗುವಿನ ಹೆಸರು ಹಿಡಿದು ಕಟ್ಟೆಯ ಮೇಲೆ ಆಡಿಕೊಂಡರೆ ಅದು ಗೀಬತ್. 2012ರ ಪೋಕ್ಸೋ ಕಾಯ್ದೆಯೂ ಅಂಥ ಮಗುವಿನ ಗುರುತನ್ನು ಮಾಧ್ಯಮಗಳು ಬಯಲು ಮಾಡುವುದನ್ನು ನಿಷೇಧಿಸಿದೆ. ತಡೆಯಬಲ್ಲವರ ಮುಂದೆ ಹೇಳುವುದು ಬೇರೆ, ಸವಿಯುವವರ ಮುಂದೆ ಹೇಳುವುದು ಬೇರೆ.

ಪ್ರವಾದಿಯವರು ದಿವಾಳಿಯಾದವನ ಬಗ್ಗೆ ಹೇಳಿದ ಮಾತೊಂದು ವಿದ್ಯಾರ್ಥಿಗಳಿಗೆ ಬೇಗ ತಿಳಿಯುತ್ತದೆ. ಕಡೆಯ ದಿನ ಒಬ್ಬನು ನಮಾಜು, ರೋಜಾ, ದಾನಗಳ ರಾಶಿಯೊಡನೆ ಬರುತ್ತಾನೆ. ಆದರೆ ಅವನು ಬೈದವರು, ಅಪವಾದ ಹೊರಿಸಿದವರು ಸಾಲಾಗಿ ನಿಂತಿರುತ್ತಾರೆ. ಅವನ ಪುಣ್ಯವೆಲ್ಲ ಅವರಿಗೆ ಹಂಚಿಹೋಗುತ್ತದೆ. ವರ್ಷವಿಡೀ ಓದಿ ಗಳಿಸಿದ ಅಂಕಗಳು ಬೇರೆಯವರ ಪತ್ರಿಕೆಗೆ ಜಮೆಯಾದಂತೆ.

ಮಕ್ಕಳು ಇದನ್ನು ಪುಸ್ತಕದಿಂದ ಕಲಿಯುವುದು ಕಡಿಮೆ, ಮನೆಯಲ್ಲಿ ಊಟಕ್ಕೆ ಕುಳಿತಾಗ ಕಲಿಯುವುದು ಹೆಚ್ಚು. ಇನ್ನೊಬ್ಬರ ಮನೆಯ ಮಾತು ಬಂದಾಗ ತಂದೆ 'ಅದು ಬಿಡು, ನಿನ್ನ ಶಾಲೆಯದು ಹೇಳು' ಎಂದರೆ ಸಾಕು. ಎಲ್ಲಾದರೂ ಒಬ್ಬರ ಬಗ್ಗೆ ತಪ್ಪು ಮಾತು ಆಡಿದ್ದರೆ, ಅದನ್ನು ಕೇಳಿದವರ ಮುಂದೆಯೇ ಹೋಗಿ ತಿದ್ದಬೇಕು. ಮುಂದಿನ ಪರೀಕ್ಷೆಯ ಫಲಿತಾಂಶ ಬಂದ ದಿನ ನೆರೆಮನೆಯ ಹುಡುಗ ಫೇಲಾದನೆಂದು ಗೊತ್ತಾದರೆ ಆ ಸುದ್ದಿ ಅಲ್ಲೇ ನಿಲ್ಲಲಿ. ಮರುಪರೀಕ್ಷೆಗೆ ಗಣಿತ ಹೇಳಿಕೊಡುವವರು ಅವನ ಮನೆಗೆ ಹೋಗಲಿ.